ಸರ್ವಿಸ್ ಸ್ಲಿಪ್ಪಿನ ಕೊನೆಯ ಸಾಲು

ತಮಿಳು ಸೀಮೆಯ ಸಿಂಗಾನಲ್ಲೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಹಾಸನದ ಸಚಿನ್‌ಗೆ ತನ್ನ ಕೈಗೆ ಸಿಗದ ದೋಷವೇ ಇಲ್ಲ ಎಂಬ ಹಮ್ಮು. ಯಂತ್ರದ ಮಟ್ಟಿಗೆ ಅದು ನಿಜವೂ ಆಗಿತ್ತೆನ್ನಿ. ಮನುಷ್ಯರ ಮನೆಗೂ ಅದನ್ನೇ ಅನ್ವಯಿಸಿದ್ದು ಅವನ ದಡ್ಡತನ.

೨೦೦೭ರ ಆಷಾಢದಲ್ಲಿ ಕರುಮತ್ತಂಪಟ್ಟಿಯ ಒಂದು ಮಗ್ಗದ ಮನೆಗೆ ಅವನನ್ನು ಕರೆಸಿದರು. ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡದವರು. ಹಿತ್ತಲ ಶೆಡ್ಡಿನಲ್ಲಿ ಪವರ್‌ಲೂಮುಗಳ ಸದ್ದು ಎಷ್ಟಿತ್ತೆಂದರೆ ನಡುಮನೆಯಲ್ಲೂ ಕೂಗಿಯೇ ಮಾತಾಡಬೇಕು. ಮನೆಯ ಯಜಮಾನಿ ಚಿನ್ನತಾಯಿ ಬಾಗಿಲಲ್ಲೇ ದೂರು ಒಪ್ಪಿಸಿದರು.

“ಬಾ ತಂಬಿ. ಎಲ್ಲಾ ಬರ್ತದೆ, ಒಂದು ಸೈಟು ಮಟ್ಟು ಬರಲ್ಲ. ಸೊಸೆ ಏನೋ ಕೆಡಿಸ್ಬಿಟ್ಟಳೆ. ಮಗ ತಿರುಪ್ಪೂರಿಂದ ಬರೋದ್ರೊಳಗೆ ಸರಿ ಮಾಡ್ಬಿಡು.”

ಸೊಸೆ ಪ್ರೇರಣಾ ಅರಸೀಕೆರೆಯವಳು. ಮದುವೆಯಾಗಿ ಐದು ತಿಂಗಳು. “ನನ್ನ ಮೇಲ್ ತೆರೆಯೋದಿಲ್ಲ. ಮೈಸೂರಲ್ಲಿರೋ ಅಕ್ಕನ ಹತ್ರ ಮಾತಾಡೋಕೆ ನನಗೆ ಅದೊಂದೇ ಇರೋದು” ಎಂದಳು. ಮೇಜಿನ ಮೇಲಿನ ಫೋನಿಗೆ ಪುಟ್ಟ ಬೀಗ ಹಾಕಿತ್ತು. ಆಷಾಢಕ್ಕೆ ಹೊಸ ಸೊಸೆಯನ್ನು ತವರಿಗೆ ಕಳಿಸುವುದು ಆ ಸೀಮೆಯಲ್ಲೂ ಈ ಸೀಮೆಯಲ್ಲೂ ಇರುವ ಪದ್ಧತಿ. ಇವಳನ್ನೇಕೆ ಕಳಿಸಿಲ್ಲ ಎಂದು ಸಚಿನ್ ಕೇಳಲಿಲ್ಲ.

ಮೋಡೆಮ್ ಆರಿಸಿ ಮತ್ತೆ ಹಾಕಿದ. ಉಳಿದ ತಾಣಗಳೆಲ್ಲ ಚಕಚಕನೆ ತೆರೆದವು, ಮೇಲ್ ಮಾತ್ರ ಇಲ್ಲ. ಬೇರೆ ಬ್ರೌಸರಿನಲ್ಲೂ ಇಲ್ಲ. ವೈರಸ್ಸೂ ಸಿಗಲಿಲ್ಲ. ಕೊನೆಗೆ ಸಿಸ್ಟಮ್ಮಿನ ಒಳಗೆ ಯಾರೂ ಮುಟ್ಟದ ‘ಹೋಸ್ಟ್ಸ್’ ಎಂಬ ಸಣ್ಣ ಫೈಲನ್ನು ತೆರೆದ. ಅದರಲ್ಲಿ ಯಾವುದಾದರೂ ತಾಣದ ಹೆಸರಿನ ಪಕ್ಕ ಈ ಕಂಪ್ಯೂಟರಿನದೇ ವಿಳಾಸ ಬರೆದಿಟ್ಟರೆ ಸಾಕು, ಹೊರಟವರು ಹೊಸ್ತಿಲು ದಾಟದೆ ಮನೆಯೊಳಗೇ ಸುತ್ತುತ್ತಾರೆ. ಯಾರೋ ಬರೆದಿಟ್ಟಿದ್ದರು. ಮೊದಲ ಸಾಲು ಅವಳ ಮೇಲ್. ಎರಡನೆಯದು ಮೈಸೂರಿಗೆ ಬಸ್ ಟಿಕೆಟ್ ಕಾದಿರಿಸುವ ತಾಣ. ಮೂರನೆಯದು ಹೆಂಗಸರ ದೂರು ಕೇಳುವ ಒಂದು ಸಂಸ್ಥೆಯದು.

“ಬಸ್ಸಿನ ಸೈಟು ಯಾವತ್ತಾದ್ರೂ ತೆರೆದಿದ್ರಾ?” ಎಂದು ಅವಳ ಕಿವಿಯತ್ತ ಬಾಗಿ ಕೇಳಿದ.

“ಇಲ್ವಲ್ಲ. ಯಾಕೆ?”

ಅವಳು ಇನ್ನೂ ಯೋಚಿಸಿಯೂ ಇರದ ದಾರಿಯನ್ನು ಯಾರೋ ಮೊದಲೇ ಮುಚ್ಚಿದ್ದರು. ಸಚಿನ್‌ಗೆ ಭಯವಾಯಿತು. ಈ ಕಂಪ್ಯೂಟರ್ ನೋಡಿಕೊಳ್ಳುವವರು ಯಾರು ಎಂದು ಚಿನ್ನತಾಯಿಯನ್ನು ಕೇಳಿದ.

“ಮಗ ಗೋಕುಲೇ. ಇವಳು ಅಕ್ಕನಿಗೆ ಕನ್ನಡದಲ್ಲಿ ಏನೇನೋ ಬರೀತಾಳೆ. ನಾವು ಮಾತಾಡೋದು ಕನ್ನಡ, ಓದ್ಕೊಂಡಿರೋದು ತಮಿಳು. ಆ ಎಳುತ್ತು ಓದಕ್ಕೆ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅವನಿಗೆ ಅದೇ ಕೋಪ.”

ಇಲ್ಲೇ ನಮ್ಮ ಜಾಣನಿಗೆ ಉಪಾಯ ಹೊಳೆದದ್ದು. ಮೂರೂ ಸಾಲು ಅಳಿಸಿದ. ಸರ್ವಿಸ್ ಸ್ಲಿಪ್ಪಿನಲ್ಲಿ ಕನ್ನಡದಲ್ಲಿ ಬರೆದ: ‘ಕೆಟ್ಟಿರಲಿಲ್ಲ. ನಿಮ್ಮ ಯಜಮಾನರೇ ಮುಚ್ಚಿದ್ದರು. ಈಗ ತೆಗೆದಿದ್ದೇನೆ. ಓದಿ ಹರಿದುಬಿಡಿ.’ ಚಿನ್ನತಾಯಿ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿ ಸೊಸೆಯ ಕೈಗೆ ದಾಟಿಸಿದರು. ಪುಣ್ಯಾತ್ಮ ದಾರಿಯುದ್ದಕ್ಕೂ ಹಾಡು ಗುನುಗುತ್ತ ಅಂಗಡಿಗೆ ಬಂದ.

ಮೂರು ದಿನ ಬಿಟ್ಟು ಗೋಕುಲ್ ಫೋನ್ ಮಾಡಿದ. “ಇನ್ನೊಂದು ಕಂಪ್ಲೇಂಟ್ ಇದೆ. ಕೊಂಚ ಬಂದು ಹೋಗಿ.”

ಹೋದಾಗ ಕರೆಂಟಿಲ್ಲದೆ ಮಗ್ಗಗಳು ನಿಂತಿದ್ದವು. ಮೇಜಿನ ಮೇಲೆ ಕಂಪ್ಯೂಟರೇ ಇರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಈಚೆಯಿಂದ ಚಿಲಕ. ಒಳಗೆ ಯಾರೋ ಪಾತ್ರೆ ತೊಳೆಯುತ್ತಿದ್ದರು. ಗೋಕುಲ್ ನಗುನಗುತ್ತಲೇ ಕುರ್ಚಿ ಎಳೆದುಕೊಟ್ಟ.

“ಎಲ್ಲರೂ ಇಂಗ್ಲಿಷಲ್ಲಿ ಸ್ಲಿಪ್ ಕೊಡ್ತಾರೆ. ನೀವು ಕನ್ನಡದಲ್ಲಿ ಕೊಟ್ಟಿದೀರ. ಸಂತೋಷ. ಓದಿ ಹೇಳಿ.”

ಅದೇ ಸ್ಲಿಪ್. ಹರಿ ಎಂದರೆ ಹರಿಯಬಾರದೇ ಈ ಹೆಣ್ಣು ಎಂದು ಸಚಿನ್‌ಗೆ ರೇಗಿತು. “ಮೋಡೆಮ್ ಧೂಳು ಒರೆಸಿದೆ, ವೈರ್ ಬದಲಿಸಿದೆ” ಎಂದು ಬಾಯಿಗೆ ಬಂದದ್ದನ್ನು ಓದಿದ.

“ಅದರ ಕೆಳಗೆ?”

ಕೆಳಗೆ ಸಣ್ಣಗೆ, ಬೇರೆ ಕೈಬರಹ. ‘ಮೇಲ್ ಮಾಡುವ ಮೊದಲೇ ಕಂಪ್ಯೂಟರ್ ಎತ್ತಿಬಿಟ್ಟರು. ಓದಲು ನಿಮ್ಮನ್ನೇ ಕರೆಸುತ್ತಾರೆ ಎಂದೇ ಇದನ್ನು ಹರಿಯಲಿಲ್ಲ. ಮೈಸೂರಿನ ಅಕ್ಕ ಧನಶ್ರೀಗೆ ಹೇಳಿ, ಬಂದು ಕರೆದೊಯ್ಯಲಿ.’ ಮುಂದೆ ಕನ್ನಡ ಅಂಕಿಗಳಲ್ಲಿ ಫೋನ್ ನಂಬರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಸಚಿನ್ ಎರಡು ಸಲ ಓದಿಕೊಂಡ. “ಗ್ಯಾರಂಟಿ ಆರು ತಿಂಗಳು ಅಂತ ಬರೆದಿದ್ದೀನಿ. ಪಕ್ಕದ್ದು ವೈರಿನ ನಂಬರು” ಎಂದ.

ಗೋಕುಲ್ ಸ್ಲಿಪ್ಪನ್ನು ಮಡಚಿ ಜೇಬಿಗಿಟ್ಟ. “ಸೋಮನೂರಲ್ಲಿ ಕನ್ನಡ ಓದೋ ಸ್ಕೂಲ್ ವಾದ್ಯಾರ್ ಒಬ್ಬರಿದಾರೆ. ನನಗೆ ಐದು ಗಂಟೆಗೆ ಅಲ್ಲಿಗೆ ಬರಕ್ಕೆ ಹೇಳಿದಾರೆ. ಅವರೂ ಇದನ್ನೇ ಓದಿದ್ರೆ ಸರಿ.”

ಸಚಿನ್ ಅಂಕಿಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತ ಬೀದಿಯ ತಿರುವಿಗೆ ಬಂದು ಮೊಬೈಲ್ ಒತ್ತಿದ. ಮೊದಲ ರಿಂಗಿಗೇ ಧನಶ್ರೀ ಎತ್ತಿಕೊಂಡಳು. ಪೂರ್ತಿ ಕೇಳುವ ಮೊದಲೇ, “ಈಗಲೇ ಹೊರಡ್ತೀನಿ. ಎಷ್ಟು ಹೊತ್ತಾಗತ್ತೆ?” ಎಂದಳು.

ಮೈಸೂರಿನಿಂದ ಆರು ಗಂಟೆಯ ದಾರಿ. ಸೋಮನೂರಿಗೆ ಹತ್ತು ನಿಮಿಷ. ವಾಚಿನಲ್ಲಿ ನಾಲ್ಕೂವರೆ ಆಗಿತ್ತು. ಹಿಂದಿನ ಬೀದಿಯಲ್ಲಿ ಗೋಕುಲನ ಬೈಕು ಹೊರಟ ಸದ್ದು ಕೇಳಿಸಿತು.

“ನೀವು ಹೊರಡಿ” ಎಂದ ಸಚಿನ್. ತನ್ನ ಗಾಡಿಯನ್ನು ಮತ್ತೆ ಆ ಚಿಲಕ ಹಾಕಿದ ಮನೆಯ ಕಡೆಗೆ ತಿರುಗಿಸಿದ.