ಡೀಜೆ ಏರಿದ ಅಳು

ಕಬ್ಬಿನ ರವದಿ ಅಂದರೆ ಒಣಗಿದ ಎಲೆ. ದೂರದಿಂದ ನೋಡಿದರೆ ಮೆತ್ತಗೆ ಕಾಣುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದರೊಳಗೆ ಕೈಯಾಡಿಸಿದವರ ಮುಂಗೈ ನೋಡಬೇಕು, ಬೆಕ್ಕು ಪರಚಿದಂತೆ ಗೆರೆಗೆರೆ. ದಿಗ್ಗೇವಾಡಿಯ ಸುಂದರಾಳ ಎರಡೂ ಕೈ ಹಾಗೆಯೇ ಇದ್ದವು. ಗಂಡ ಸತ್ತು ದಿನಕರ್ಮ ಮುಗಿಯುತ್ತಲೇ ಅವಳು ಕಬ್ಬು ಕಡಿಯುವ ಕೊಯ್ತಾ ಹಿಡಿದು, ಅವನು ದುಡಿಯುತ್ತಿದ್ದ ಸಾವಕಾರ ಅಣ್ಣಾಸಾಬನ ಗ್ಯಾಂಗಿಗೇ ಬಂದಿದ್ದಳು. ಬಾರದೆ ಏನು ಮಾಡಬೇಕಿತ್ತು? ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ರಾಮವ್ವ, ಶಾಲೆಗೆ ಹೋಗುವ ಮಗಳು ಸರಿತಾ. ಕಬ್ಬು ಬೆಳೆಯುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಕಡಿಯುವ ಗ್ಯಾಂಗು, ಸಾಗಿಸುವ ಟ್ರ್ಯಾಕ್ಟರು ಮಾತ್ರ ಎಲ್ಲ ಅಣ್ಣಾಸಾಬನವೇ.

ಅವತ್ತು ಮಧ್ಯಾಹ್ನ ಹೊಲಕ್ಕೆ ಟ್ರ್ಯಾಕ್ಟರ್ ಬಂತು. ಅದಕ್ಕಿಂತ ಮೊದಲೇ ಅದರ ಹಾಡು ಬಂತು. ಮಡ್‌ಗಾರ್ಡಿನ ಮೇಲೆ ಕಟ್ಟಿದ ಎರಡು ಸೌಂಡ್ ಬಾಕ್ಸುಗಳು ಎದೆ ನಡುಗುವಂತೆ ಬಡಿಯುತ್ತಿದ್ದವು.

"ಹನಿ ಮುಟ್ಟದವನ ಬಾಯಾಗ
ಕಣ್ಣಾಗಿನ ಹೆಂಡ ಹೊಯ್ದೆಲ್ಲ ನನ ರಾಣೀ..."

ಗ್ಯಾಂಗಿನ ಹುಡುಗರು ತಲೆಯ ಮೇಲಿನ ಹೊರೆ ಸಮೇತ ಕುಣಿದರು. ಸುಂದರಾ ಕೊಯ್ತಾ ಕೆಳಗಿಟ್ಟಳು. ಬದುವಿಗೆ ಹೋಗಿ ಬೆನ್ನು ತಿರುಗಿಸಿ, ಎರಡೂ ಕಿವಿ ಮುಚ್ಚಿಕೊಂಡು ಕುಳಿತಳು. ಟ್ರಾಲಿಗೆ ಹಚ್ಚಿದ ಹಲಗೆಯ ಮೇಲೆ ಹೊರೆ ಹೊತ್ತು ಏರುತ್ತಿದ್ದ ಮಾಳೇಶ ಅದನ್ನು ನೋಡಿದ. ಆ ಹಾಡು ಹಾಡಿದವನು ಅವನೇ. ನಾಲ್ಕಾರು ತಾಲೂಕುಗಳನ್ನು ಕುಣಿಸಿದ ಗಾಯಕ ಇನ್ನೂ ಕಬ್ಬು ಹೊರುತ್ತಿದ್ದ, ಏಕೆಂದರೆ ಹಾಡು ಹಿಟ್ ಆಗಿದ್ದು ಬೇರೆಯವರ ಯೂಟ್ಯೂಬ್ ಚಾನೆಲ್ಲಿನಲ್ಲಿ, ದುಡ್ಡೂ ಅವರಿಗೇ. ಆದರೆ ಅವನ ಎದೆ ಹಿಂಡಿದ್ದು ಆ ಕಾರಣಕ್ಕಲ್ಲ.

ಕಿವಿ ಮುಚ್ಚಿಕೊಂಡವಳ ಬಾಯಿಂದಲೇ ಆ ಹಾಡು ಬಂದಿತ್ತು.

ಹಿಂದಿನ ಹಂಗಾಮಿನಲ್ಲಿ ನಡೆದದ್ದು ಇದು. ಕಬ್ಬು ತುಂಬಿದ ಎರಡು ಟ್ರಾಲಿಗಳು ಹೊಲದಿಂದ ರಸ್ತೆಗೆ ಏರುವಾಗ ಒಬ್ಬ ಹಿಂದೆ ನಡೆಯಬೇಕು. ಎಂಜಿನ್ ದಣಿದು ನಿಂತ ಕೂಡಲೇ ಗಾಲಿಯ ಹಿಂದೆ ಕಲ್ಲು ಕೊಡಬೇಕು, ಇಲ್ಲದಿದ್ದರೆ ಅಷ್ಟೂ ಭಾರ ಹಿಂದಕ್ಕೆ ಉರುಳುತ್ತದೆ. ಸುಂದರಾಳ ಗಂಡ ಭರಮು ಕಲ್ಲು ಕೊಡುವವ. ಮುಂದಿನ ಟ್ರಾಲಿಗೆ ಕಲ್ಲಿಟ್ಟು ಅವನು ಏಳುವಷ್ಟರಲ್ಲಿ ಡ್ರೈವರ್ ಕ್ಲಚ್ ಬಿಟ್ಟ, ಹಿಂದಿನ ಟ್ರಾಲಿ ಅವನ ಮೇಲೆ ಹಾಯಿತು. ಭರಮು ಒದರಿದ್ದು ಆಚೆ ಸಾಲಿನಲ್ಲಿದ್ದ ಮಾಳೇಶನಿಗೆ ಕೇಳಿಸಿತು. ಸೌಂಡ್ ಬಾಕ್ಸಿನ ನಡುವೆ ಕುಳಿತ ಡ್ರೈವರ್ ಬೀರದೇವನಿಗೆ ಕೇಳಿಸಲಿಲ್ಲ.

ಪೊಲೀಸರು ಬರುವ ಹೊತ್ತಿಗೆ ಭರಮುವಿನ ಬಾಯಿ ಹೆಂಡ ನಾರುತ್ತಿತ್ತು.

"ಕುಡದು ಗಾಲಿ ಬುಡಕ ಬಿದ್ದಾನ್ರಿ. ಎಷ್ಟ ಹೇಳಿದ್ರೂ ಈ ಮಂದಿ ಕೇಳಂಗಿಲ್ಲ" ಅಂದ ಅಣ್ಣಾಸಾಬ. ಹಾಗೆಯೇ ಬರೆದುಕೊಂಡು ಹೋದರು.

ಭರಮು ಕೊರಳಿಗೆ ಪಂಢರಪುರದ ತುಳಸಿಮಣಿಯ ಮಾಳಿ ಹಾಕಿದವ. ಮಾಳಿ ಹಾಕಿದವ ಹೆಂಡ, ಮಾಂಸ ಮುಟ್ಟುವುದಿಲ್ಲ. ಇದು ಗ್ಯಾಂಗಿಗೆ ಗೊತ್ತಿತ್ತು, ಊರಿಗೆ ಗೊತ್ತಿತ್ತು, ಅಣ್ಣಾಸಾಬನಿಗೂ ಗೊತ್ತಿತ್ತು. ಭಜನೆಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ತಾಳ ಹಿಡಿಯುವುದನ್ನು ಮಾಳೇಶನಿಗೆ ಕಲಿಸಿದವನೇ ಈ ಭರಮು ಕಾಕಾ. ಆದರೂ ಎಲ್ಲರೂ ನೆಲ ನೋಡುತ್ತ ನಿಂತರು. ನಾಳೆ ಕೆಲಸಕ್ಕೆ ಕರೆಯುವವನು ಎದುರಿಗೇ ನಿಂತಿದ್ದನಲ್ಲ.

ಬಾಯಿ ಬಿಟ್ಟವಳು ಸುಂದರಾ ಒಬ್ಬಳೇ, ಅದೂ ಹೆಣ ಮನೆಗೆ ಬಂದ ಮೇಲೆ. ಈ ಕಡೆ ಹೆಂಗಸರು ಹೆಣದ ಮುಂದೆ ಹಾಡಾಡಿಕೊಂಡು ಅಳುತ್ತಾರೆ. ಸತ್ತವನ ಗುಣ ಹೇಳಿ, ತಮ್ಮ ಗತಿ ಹೇಳಿ, ಅನ್ಯಾಯ ಮಾಡಿದವರಿದ್ದರೆ ಅವರ ಹೆಸರು ಹಿಡಿದೂ ಅಳುತ್ತಾರೆ. ಆಗ ಅವರನ್ನು ಯಾರೂ ತಡೆಯುವಂತಿಲ್ಲ. ಹೆಸರು ಬಂದವನು ಎದುರಾಡುವಂತಿಲ್ಲ, ಅಳು ಮುಗಿಯುವವರೆಗೆ ಎದ್ದು ಹೋಗುವಂತಿಲ್ಲ. ಅಷ್ಟೊಂದು ಹಕ್ಕು ಹೆಣ್ಣಿಗೆ ಕೊಡಬೇಕಾದರೆ ಮನೆಯಲ್ಲಿ ಹೆಣ ಬೀಳಬೇಕು, ಅದು ಬೇರೆ ಮಾತು.

"ಹನಿ ಮುಟ್ಟದವನ ಬಾಯಾಗ
ಅಣ್ಣಾಸಾಬನ ಮಂದಿ ಹೆಂಡ ಹೊಯ್ದರಲ್ಲೋ ನನ ರಾಜಾ...
ಮಾಳಿ ಹಾಕಿದ ಕೊಳ್ಳಿಗೆ
ಸುಳ್ಳಿನ ಮಸಿ ಬಳದರಲ್ಲೋ ನನ ರಾಜಾ..."

ಅಣ್ಣಾಸಾಬ ಶಲ್ಯದಿಂದ ಮುಖ ಒರೆಸಿಕೊಳ್ಳುತ್ತ ಕೇಳಿದ. ಪೊಲೀಸರು ಬರೆದದ್ದು ಏನೇ ಇರಲಿ, ನಿಜ ಒಮ್ಮೆ ಊರ ಮುಂದೆ ಬಾಯಿಂದ ಬಂದಿತ್ತು. ಸುಂದರಾಳಿಗೆ ದಕ್ಕಿದ ನ್ಯಾಯ ಅಂದರೆ ಅಷ್ಟೇ.

ಗೋಡೆಗೊರಗಿ ನಿಂತಿದ್ದ ಮಾಳೇಶ ಅಂಗಿಯ ಕಿಸೆಯಲ್ಲಿದ್ದ ಮೊಬೈಲನ್ನು ರೆಕಾರ್ಡಿಗೆ ಹಾಕಿದ್ದ. ಕಾಕಾನ ನೆನಪಿಗಿರಲಿ ಎಂದು ತನಗೆ ತಾನೇ ಹೇಳಿಕೊಂಡ. ಅವನ ಕಣ್ಣಲ್ಲಿ ನೀರು ಹರಿಯುತ್ತಿದ್ದದ್ದು ಖರೆ. ಆದರೆ ಅದೇ ಹೊತ್ತಿಗೆ ಅವನ ಕಾಲಿನ ಹೆಬ್ಬೆರಳು ಆ ಅಳುವಿಗೆ ತಾಳ ಹಾಕುತ್ತಿತ್ತು. ಇದನ್ನು ಅವನು ಇಂದಿನವರೆಗೂ ಯಾರಿಗೂ ಹೇಳಿಲ್ಲ.

ರಾಯಬಾಗದಲ್ಲಿ ಒಂದು ಮೊಬೈಲ್ ಅಂಗಡಿಯ ಮೇಲೆ ವಿಕ್ರಾಂತನ ಸ್ಟುಡಿಯೋ. ಗೋಡೆ ತುಂಬ ತತ್ತಿಯ ಟ್ರೇ ಅಂಟಿಸಿದ ಒಂದು ಕೋಣೆ. ವಿಕ್ರಾಂತ ಅಣ್ಣಾಸಾಬನ ಅಕ್ಕನ ಮಗ. ಊರೂರಿನ ಹುಡುಗರ ಕೈಲಿ ಜಾನಪದ ಹಾಡಿಸಿ ತನ್ನ ಚಾನೆಲ್ಲಿಗೆ ಬಿಡುವುದು ಅವನ ಉದ್ಯೋಗ. ಮಾಳೇಶನ ಎರಡು ಹಾಡು ಬಿಟ್ಟಿದ್ದ, ಎರಡೂ ಬಿದ್ದಿದ್ದವು.

"ಹೊಸಾ ಚಾಲ ಏನರ ಐತೇನಲೇ?" ಎಂದು ವಿಕ್ರಾಂತ ಹೊಸ ಧಾಟಿ ಕೇಳಿದಾಗ ಮಾಳೇಶ ಮೊಬೈಲ್ ತೆಗೆದು ಆ ಅಳು ಕೇಳಿಸಿದ. ಕೇಳಿಸಬಾರದಿತ್ತು. ಕೇಳಿಸಿದ.

ವಿಕ್ರಾಂತ ಕಣ್ಣು ಮುಚ್ಚಿ ಕೇಳಿದ. "ಏ, ಭಾರಿ ಐತಲ್ಲೋ! ಯಾರ ಚಾಲಿದು?"

"ನಮ್ಮೂರ ಚಿಗವ್ವಂದ್ರಿ. ಅದು ಹಾಡಲ್ರಿ... ಅಳಾಕತ್ತಾಳ್ರಿ."

"ಅತ್ರ ಏನಾತು? ಸ್ಪೀಡ್ ಮಾಡಿದ್ರ ಕುಣಿಯೂದಾಗತೈತಿ. ಇದರಾಗ ನಮ್ಮ ಮಾಮಾನ ಹೆಸರ ಐತಿ ನೋಡು, ಅದನ್ನ ತಗದ ಒಗಿ. ಆ ಜಾಗಾಕ್ಕ ಕಣ್ಣು, ತುಟಿ, ಏನರ ಹಾಕು. ಲವ್ ಫೇಲ್ಯೂರ್ ಮಾಡು."

"ಚಿಗವ್ವಗ ಒಂದ ಮಾತ ಕೇಳಿ ಬರ್ತೀನ್ರಿ ಅಣ್ಣಾ."

"ಕೇಳಕೊಂಡ ಬಾರಪಾ. ನೀ ಬರೂದರಾಗ ಅಥಣಿ ಹುಡುಗನ ಕಡಿಂದ ಹಾಡಸ್ತೀನಿ."

ಮಾಳೇಶ ಕೇಳಲು ಹೋಗಲಿಲ್ಲ. ಹಾಡಿಗೆ ಮಾತು ಅವನೇ ಕೂಡಿಸಿದ. ಅಣ್ಣಾಸಾಬನ ಮಂದಿಯನ್ನು ತೆಗೆದ ಜಾಗದಲ್ಲಿ ಕಣ್ಣಿನ ಹೆಂಡ ತುಂಬಿದ. ರಾಜಾ ಹೋಗಿ ರಾಣಿ ಬಂದಳು. ಸಂಜೆಯ ಬಸ್ಸು ಹತ್ತುವಾಗ ಊರಿಗೆ ಹೋಗಿ ಹೇಳಿದರಾಯಿತು ಅಂದುಕೊಂಡ. ಊರು ಬಂದಾಗ ನಾಳೆ ಹೇಳಿದರಾಯಿತು ಅಂದುಕೊಂಡ.

ಹಾಡು ಬಿಟ್ಟ ವಾರದೊಳಗೆ ಹುಚ್ಚು ಹಿಡಿದಂತಾಯಿತು. ಅಥಣಿಯ ಅರಿಶಿನದ ಕಾರ್ಯಗಳಲ್ಲಿ ಮದುಮಗನನ್ನು ಹೆಗಲ ಮೇಲೆ ಹೊತ್ತು ಅದೇ ಹಾಡಿಗೆ ಕುಣಿದರು. ಚಿಕ್ಕೋಡಿಯ ಕಾಲೇಜು ಹುಡುಗಿಯರು ರೀಲ್ಸ್ ಮಾಡಿದರು. ನಿಪ್ಪಾಣಿಯ ಆಚೆಗಿನ ಮರಾಠಿ ಹುಡುಗರು ಮಾತು ತಿಳಿಯದಿದ್ದರೂ 'ಏಕದಮ್ ಕಡಕ್' ಅಂದರು. ರಾಯಬಾಗದ ಬಸ್ಸಿನಲ್ಲಿ ಹತ್ತು ಜನರ ಮೊಬೈಲ್ ರಿಂಗಾದರೆ ಆರು ಜನರದ್ದು ಅದೇ. ಅಣ್ಣಾಸಾಬ ಮಾಳೇಶನನ್ನು ಕರೆಸಿ ಕೇಸರಿ ಫೇಟಾ ಸುತ್ತಿಸಿದ, ಶಾಲು ಹೊದಿಸಿದ. "ನಮ್ಮ ಗ್ಯಾಂಗಿನ ಹುಡುಗ. ಜಿಲ್ಲಾಕ್ಕ ಹೆಸರ ತಂದಾನ" ಅಂದ. ಮಾಳೇಶ ಬಾಗಿ ಕಾಲು ಮುಟ್ಟಿದ. ಮುಟ್ಟಿದ ಕೈಯನ್ನು ಎಲ್ಲಿಡಬೇಕು ಎಂಬುದೇ ಆಮೇಲೆ ಅವನಿಗೆ ತಿಳಿಯಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ವಿಕ್ರಾಂತ ಅವನನ್ನು ಕ್ಯಾಮೆರಾ ಮುಂದೆ ಕೂರಿಸಿ, ಹಾಡು ಹೆಂಗ ಹುಟ್ಟಿತು ಹೇಳಪಾ ಅಂದ. ಮಾಳೇಶ ತಡವರಿಸಿದ. "ನಮ್ಮೂರಾಗೊಬ್ರು ಕಾಕಾ ಇದ್ರು. ತೀರಕೊಂಡ್ರು..."

"ಕುಡದು ಕುಡದು ಹೋದ್ರು, ಹೌದಿಲ್ಲ?" ಎಂದು ವಿಕ್ರಾಂತನೇ ಹೇಳಿಕೊಟ್ಟ.

ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಮಾಳೇಶ ತಲೆಯಾಡಿಸಿದ. "ಹೌದ್ರಿ" ಅಂದ.

ಆ ಒಂದು ಹೌದು ಎಲ್ಲರ ಕೈಗೆ ಸಿಕ್ಕಿತು. ಅಲ್ಲಿಂದ ಮುಂದೆ ಭರಮು ಹೆಂಡದ ಭರಮು ಆದ. ಸರಿತಾಳನ್ನು ಶಾಲೆಯಲ್ಲಿ 'ಹೆಂಡದ ರಾಣಿ' ಅಂತ ಕಾಡಿದರು. ವರ್ಷ ವರ್ಷ ಭರಮುವಿನ ಮನೆಯಲ್ಲಿ ಊಟ ಮಾಡಿ ಮುಂದೆ ಹೋಗುತ್ತಿದ್ದ, ಪಂಢರಪುರಕ್ಕೆ ನಡೆದು ಹೋಗುವ ಭಕ್ತರ ದಿಂಡಿ ಈ ಸಲ ಆ ಓಣಿಗೆ ಬರಲಿಲ್ಲ.

ಮಾಳೇಶನ ಅವ್ವ ಅಕ್ಕವ್ವ ತಾಟಿಗೆ ರೊಟ್ಟಿ ಹಾಕಿದಳು. ಮಗನ ಮುಖ ನೋಡಲಿಲ್ಲ.

"ಯಾಕಬೇ, ಮಾತಾಡವಲ್ಲಿ?"

"ಏನ ಮಾತಾಡ್ಲಿ? ಪೊಲೀಸರು ಬರದದ್ದನ್ನ ಮಂದಿ ಮರೀತಿದ್ರು. ನೀ ಹಾಡಿದ್ದನ್ನ ಯಾರ ಮರೀತಾರ? ಭರಮಪ್ಪನ ಕೊಳ್ಳಾಗಿನ ಮಾಳಿ ನೀನ ಹರದಿ."

"ನಾ ಹೋಗಿ ಚಿಗವ್ವನ ಕಾಲ ಹಿಡೀತೀನಿ."

"ಕಾಲ ಹಿಡ್ಯೂದ ಸಸಾರ ಐತಿ ಬಿಡು. ಸಾವಕಾರಂದೂ ಹಿಡದಿ."

ಮಾಳೇಶ ತಾಟು ಸರಿಸಿ ಎದ್ದ. ಸುಂದರಾಳ ಮನೆಯ ಮುಂದೆ ಹಾಯಬಾರದೆಂದು ಅವನು ಊರು ಬಳಸಿ ಹೊಳೆಯ ದಾರಿ ಹಿಡಿಯತೊಡಗಿದ. ಹೊಲದಲ್ಲಿ ಅವಳು ಕಂಡರೆ ಹೊರೆ ಅಡ್ಡ ಹಿಡಿದು ಮುಖ ಮರೆಸಿಕೊಂಡ. ಅವಳು ಒಂದು ಬೈಗುಳ ಬೈದಿದ್ದರೂ ಹಗುರಾಗುತ್ತಿದ್ದ. ಅವಳು ಬೈಯಲೂ ಇಲ್ಲ.

ಹಂಗಾಮು ಮುಗಿಯುವ ಮುಂಚೆ ಸುಂದರಾಳ ಅತ್ತೆ ರಾಮವ್ವ ತೀರಿಕೊಂಡಳು. ಮುಂಜಾನೆ ಮುದುಕಿಯ ಹೆಣವನ್ನು ಅಂಗಳದಲ್ಲಿ ಗೋಡೆಗೆ ಆನಿಸಿ ಕೂರಿಸಿದರು. ಓಣಿಯ ಹೆಂಗಸರು ಸುತ್ತ ಕುಳಿತರು. ಚುನಾವಣೆ ಹತ್ತಿರ ಬಂದಿತ್ತು, ಹಾಗಾಗಿ ಅಣ್ಣಾಸಾಬನೂ ಹೂಮಾಲೆ ಹಿಡಿದು ಬಂದ, ಜೊತೆಗೆ ವಿಕ್ರಾಂತ. ಮಾಳೇಶ ಗಂಡಸರ ಹಿಂದೆ ನಿಂತ.

ಸುಂದರಾ ಅತ್ತೆಯ ಕಾಲ ಮೇಲೆ ಕೈಯಿಟ್ಟು ಅಳು ತೆಗೆದಳು.

"ಮಗನ ಹಿಂದ ನೀನೂ ಹೋದೆಲ್ಲ ನನ್ನವ್ವಾ..."

ಬೇರೆ ಧಾಟಿ ಅವಳಿಗೆಲ್ಲಿ ಬರಬೇಕು? ತಾಯಿಯಿಂದ ಬಂದದ್ದು ಅದೊಂದೇ. ಎರಡನೇ ಸಾಲಿಗೆ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ಗೋಡೆಯ ಮೇಲಿದ್ದ ಹುಡುಗರಲ್ಲಿ ಯಾರದೋ ಹೆಗಲು ತಾನಾಗಿ ಕುಣಿಯಿತು. ಇನ್ನೊಬ್ಬ ಮೆಲ್ಲಗೆ "ನನ ರಾಣೀ" ಅಂದ.

ಸುಂದರಾ ನಿಲ್ಲಿಸಿದಳು. ಬಾಯಿ ತೆರೆದೇ ಇತ್ತು, ದನಿ ಹೊರಡಲಿಲ್ಲ. ಹೆಣದ ಮುಂದೆ ಕುಳಿತ ಹೆಣ್ಣಿನ ಅಳುವೂ ಅವಳದಾಗಿ ಉಳಿದಿರಲಿಲ್ಲ. ಮಾಳೇಶನಿಗೆ ತಾನು ಮಾಡಿದ್ದು ಏನೆಂದು ಪೂರ್ತಿ ತಿಳಿದದ್ದು ಆಗಲೇ. ಹಾಡು ಕದ್ದೆ ಎಂದುಕೊಂಡಿದ್ದ. ಅವಳ ಬಾಯಿಯನ್ನೇ ಕಟ್ಟಿಬಿಟ್ಟಿದ್ದ.

ಆಗ ಅಕ್ಕವ್ವ ಸರಿದು ಸುಂದರಾಳ ಪಕ್ಕದಲ್ಲಿ ಕುಳಿತಳು. "ಅಳಬೇ. ಅದ ಧಾಟೀಲೇ ಅಳು. ಹೆಸರ ಹಿಡದ ಅಳು. ಹೆಸರ ಬಿಟ್ಟಿದ್ದಕ್ಕ ಇಷ್ಟ ಆಗೇತಿ."

ಸುಂದರಾ ಸೆರಗಿನಿಂದ ಮುಖ ಒರೆಸಿಕೊಂಡಳು. ಎದ್ದ ದನಿ ಮೊದಲಿನದಲ್ಲ.

"ಅಣ್ಣಾಸಾಬನ ಮಂದಿ ಹೆಂಡ ಹೊಯ್ದರಲ್ಲೋ ನನ ರಾಜಾ...
ಮಾಳ್ಯಾ ಅದನ್ನ ಊರೂರಿಗೆ ಹಂಚ್ಯಾನಲ್ಲೋ ನನ ರಾಜಾ...
ತಾಳ ಹಿಡಿಯೂದ ಕಲಿಸಿದ ಕೈಗೆ
ಹೆಂಡದ ಬಾಟ್ಲಿ ಕೊಟ್ಟಾನಲ್ಲೋ ನನ ರಾಜಾ..."

ಗಂಡಸರು ಪಕ್ಕಕ್ಕೆ ಸರಿದರು. ಅಣ್ಣಾಸಾಬ, ಮಾಳೇಶ ಇಬ್ಬರೇ ಎದುರಿಗೆ ಉಳಿದರು. ಮಾಲೆ ಅಣ್ಣಾಸಾಬನ ಕೈಯಲ್ಲೇ ಇತ್ತು. ಪದ್ಧತಿ ಪದ್ಧತಿಯೇ, ಎದ್ದು ಹೋಗುವಂತಿಲ್ಲ. ವಿಕ್ರಾಂತ ಮಾತ್ರ ಮಾಳೇಶನ ಕಿವಿಗೆ ಬಂದು, "ರೆಕಾರ್ಡ್ ಹಾಕಲೇ, ಪಾರ್ಟ್ ಟೂ ಆಗತೈತಿ" ಎಂದು ತನ್ನ ಮೊಬೈಲೇ ಎತ್ತಿದ. ಮಾಳೇಶ ಅದನ್ನು ಕಿತ್ತುಕೊಂಡು ಬಚ್ಚಲ ನೀರಿಗೆ ಒಗೆದ.

"ಮಾಳೇಶಾ" ಎಂದಳು ಸುಂದರಾ, ಅಳು ನಿಲ್ಲಿಸಿ. "ನಿನ್ನ ಮಾತ ಮಂದಿ ಕೇಳತಾರಂತ. ಹೇಳು. ನಿನ್ನ ಕಾಕಾ ಕುಡೀತಿದ್ದನೇನು?"

"ಇಲ್ಲ ಚಿಗವ್ವಾ."

"ಮತ್ತ ಹೌದ ಅಂದದ್ದ್ಯಾಕ?"

ಮಾಳೇಶ ಅಣ್ಣಾಸಾಬನ ಕಡೆ ನೋಡಿದ.

"ಹಂಗಾದ್ರ ಕುಂದ್ರು ಇಲ್ಲಿ. ನಿನ್ನ ಬಾಯಲೇ ಅಳು. ಅವರೂ ಕೇಳಲಿ."

ಗಂಡಸರು ಹಾಡಾಡಿಕೊಂಡು ಅಳುವ ರೂಢಿ ಆ ಊರಲ್ಲಿ ಇರಲಿಲ್ಲ. ಮಾಳೇಶ ಹೆಂಗಸರ ನಡುವೆ ಮಣ್ಣಿನಲ್ಲಿ ಕುಳಿತ, ಬಾಯಿ ತೆರೆದ. ಅಷ್ಟರಲ್ಲಿ ಕಾರ್ಖಾನೆಗೆ ಹೊರಟ ಅಣ್ಣಾಸಾಬನ ಟ್ರ್ಯಾಕ್ಟರ್ ಓಣಿಯ ತುದಿಗೆ ಬಂತು. ಸೌಂಡ್ ಬಾಕ್ಸಿನ ಅಬ್ಬರ ಅಂಗಳದ ಮೇಲೆ ಬಿತ್ತು. ಮಾಳೇಶ ಒದರಿದರೂ ಅವನ ಬರಿಗಂಟಲು ಅವನದೇ ಹಾಡಿನೊಳಗೆ ಮುಳುಗಿಹೋಯಿತು. ಬಾಯಿ ಆಡುವುದು ಕಾಣುತ್ತಿತ್ತು, ಅಷ್ಟೇ.

ಸುಂದರಾ ಎದ್ದಳು. ಏನೂ ಹೇಳದೆ ನಡೆದು ರಸ್ತೆಯ ನಡುವೆ ನಿಂತಳು. ಅಕ್ಕವ್ವ ಹೋಗಿ ಅವಳ ಮಗ್ಗುಲಿಗೆ ನಿಂತಳು. ಆಮೇಲೆ ಗ್ಯಾಂಗಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಕೊನೆಗೆ ನಕ್ಕ ಹುಡುಗಿಯೂ ಎದ್ದು ಹೋದಳು. ಡ್ರೈವರ್ ಬೀರದೇವ ಹಾರ್ನ್ ಬಾರಿಸಿದ. ಯಾರೂ ಸರಿಯಲಿಲ್ಲ. ಅವನು ಸಾವಕಾರನ ಮುಖ ನೋಡಿದ.

"ಅವರನ್ಯಾಕ ನೋಡತೀ?" ಎಂದು ಗದರಿಸಿದಳು ಸುಂದರಾ. "ಬಂದ ಮಾಡ ಅದನ್ನ. ಹ್ವಾದ ವರ್ಷ ಒದರಿದ್ದ ನಿಮಗ ಕೇಳಸಲಿಲ್ಲ. ಈ ವರ್ಷ ಕೇಳಸ್ತೀವಿ."

ಬೀರದೇವ ಕೈ ಚಾಚಿ ಸ್ವಿಚ್ ಒತ್ತಿದ. ಎಂಜಿನ್ನೂ ಆರಿಸಿದ.

ಸುಂದರಾ ಮಾಳೇಶನ ಕಡೆ ತಿರುಗಲಿಲ್ಲ. ರಸ್ತೆಯಲ್ಲಿ ನಿಂತೇ, "ಹೂಂ" ಅಂದಳು.

ಮಾಳೇಶ ಮೊದಲಿಂದ ಶುರು ಮಾಡಿದ. ಅಣ್ಣಾಸಾಬನ ಹೆಸರು ಬಂತು, ಹಾಡಿದ. ರಸ್ತೆಯ ಹೆಂಗಸರು ಆ ಸಾಲನ್ನು ಎತ್ತಿಕೊಂಡರು. ಮುಂದಿನ ಸಾಲಿನಲ್ಲಿ ತನ್ನ ಹೆಸರಿತ್ತು. ಅವನ ದನಿ ಒಡೆಯಿತು. ಹೆಂಗಸರು ಕಾದರು, ಯಾರೂ ಅವನ ಪರವಾಗಿ ಹಾಡಲಿಲ್ಲ. ಕೊನೆಗೆ ಅವನೇ ಹಾಡಿದ.