ಕೆಳಬೀದಿಯ ಜ್ವರ

ಮುಂಗಾರು ಹಿಡಿದು ಚರಂಡಿಗಳು ಉಕ್ಕಿ ಹರಿದ ಕೆಲವು ದಿನಗಳಿಗೆ ದಯಾನಂದನಿಗೆ ಜ್ವರ ಬಂತು. ದಂಡಿನಶಿವರದ ಆಚೆಗಿನ ಸಣ್ಣ ಊರು. ಅವನ ಮನೆ ಕೆಳಬೀದಿಯಲ್ಲಿ. ಜ್ವರದಲ್ಲೇ ಅವನು ತೋಟಕ್ಕೆ ಹೋಗಿ ಕಾಯಿ ಸುಲಿದು ಬಂದ.

ಹೆಂಡತಿ ಅನಿತಾ ಆಸ್ಪತ್ರೆಯ ಮಾತೆತ್ತಿದಾಗ ಅತ್ತೆ ಹೊಂಬಾಳಮ್ಮ ಒಪ್ಪಲಿಲ್ಲ. "ಮಳೆ ಬಿದ್ಮೇಲೆ ನಮ್ ಬೀದಿಗೆ ಜ್ವರ ಬರಾದು ಇದ್ದಿದ್ದೇ ಕಣೇ. ಮೆಣಸಿನ ಕಷಾಯ ಕುಡುದ್ರೆ ಬುಡ್ತದೆ."

ಬಿಡಲಿಲ್ಲ. ಮೆಡಿಕಲ್ ಅಂಗಡಿಯ ಮಾತ್ರೆ ನುಂಗಿದರೆ ಬೆವರು ಬಿಟ್ಟು ಇಳಿಯುತ್ತಿತ್ತು, ಸಂಜೆಗೆ ಮತ್ತೆ ಏರುತ್ತಿತ್ತು. ಎರಡನೇ ವಾರದ ಒಂದು ಬೆಳಿಗ್ಗೆ ಅನಿತಾ ಗಂಜಿ ಹಿಡಿದು ಹೋದರೆ, ದಯಾನಂದ ಕಣ್ಣು ತೆರೆದೇ ಮಲಗಿದ್ದ. ಬೆರಳುಗಳು ಕಂಬಳಿಯ ಮೇಲಿಂದ ಏನನ್ನೋ ಆಯುತ್ತಿದ್ದವು. ಕಂಬಳಿಯ ಮೇಲೆ ಏನೂ ಇರಲಿಲ್ಲ.

"ಏನ್ ಮಾಡ್ತಿದೀರಾ?"

"ಇರುವೆ... ತಗೀ, ಎಲ್ಲಾ ಕಡೆ ಇರುವೆ," ಎಂದ. ಮುಖ ಅವಳ ಕಡೆ ತಿರುಗಿತ್ತು, ಗುರುತು ಹಿಡಿದಂತೆ ಕಾಣಲಿಲ್ಲ. ಅನಿತಾ ಗಂಜಿ ಅಲ್ಲೇ ಇಟ್ಟು ಪಕ್ಕದ ಮನೆಗೆ ಓಡಿದಳು.

ಪಕ್ಕದ ಮನೆಯ ಶಿವರಾಜು ತನ್ನ ಗೂಡ್ಸ್ ಆಟೋದಲ್ಲಿ ಚಾಪೆ ಹಾಸಿ ಅವನನ್ನು ತಿಪಟೂರಿನ ಆಸ್ಪತ್ರೆಗೆ ಕರೆದೊಯ್ದ. ದಾರಿಯುದ್ದಕ್ಕೂ ಅನಿತಾ ಗಂಡನ ಎದೆಯ ಮೇಲೆ ಅಂಗೈ ಊರಿ ಕೂತಿದ್ದಳು.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ರಕ್ತ ತೆಗೆಸಿ, ಡ್ರಿಪ್ ಹಾಕಿಸಿ ಆಮೇಲೆ ಕೇಳಿದರು: "ಯಾವೂರು? ಊರಲ್ಲಿ ಯಾವ ಕಡೆ ಮನೆ?"

ಅನಿತಾ ಹೇಳಿದಳು. ಡಾಕ್ಟರಮ್ಮ ವಾರ್ಡಿನ ಕಡೆ ಕೈ ತೋರಿಸಿದರು.

"ಅದೇ ಬೀದಿಯವರು ಇನ್ನಿಬ್ಬರು ಒಳಗಿದ್ದಾರೆ. ಇದು ಟೈಫಾಯ್ಡ್ ಇರಬೇಕು. ನಮ್ಮ ದೇಶದಲ್ಲಿ ಬಹಳ ಕಡೆ ಮಳೆಗಾಲ ಬಂದರೆ ಇದು ಹೆಚ್ಚಾಗುತ್ತೆ. ಹಾಗಂತ ಎಲ್ಲ ಊರಲ್ಲೂ ಒಂದೇ ಸಮ ಇರಲ್ಲ, ಒಂದೂರಿನ ಎಲ್ಲ ಬೀದೀಲೂ ಇರಲ್ಲ. ಕೊಳೆ ನೀರು ಕುಡಿಯೋ ನೀರಿಗೆ ಎಲ್ಲಿ ಸೇರುತ್ತೋ ಅಲ್ಲಿ ಹಿಡಿಯುತ್ತೆ. ನೀವು ಕುಡಿಯೋದು ಯಾವ ನೀರು?"

"ನಲ್ಲಿ ನೀರು ಮೇಡಂ. ಪೈಪು ಚರಂಡಿ ಒಳಗೇ..." ಹೇಳುತ್ತಿದ್ದಂತೆ ಅನಿತಾಗೆ ಹೊಳೆಯಿತು. ಮೇಲುಬೀದಿಗೆ ಬೇರೆ ಬೋರ್‌ವೆಲ್ ಇತ್ತು. ಹೋದ ವರ್ಷ ಮಲಗಿದವರು, ಅದರ ಹಿಂದಿನ ವರ್ಷ ಮಲಗಿದವರು, ಎಲ್ಲರೂ ಕೆಳಬೀದಿಯವರೇ. ಮನೆಯಲ್ಲಿ ಮಗಳು ಕೃತಿಕಾ ಅದೇ ನೀರು ಕುಡಿದುಕೊಂಡಿದ್ದಳು.

ಫೋನು ಮಾಡಿದಳು. "ಮಗು ಸ್ಕೂಲಿಂದ ಬಂದು ಮಲಗವ್ಳೆ ಕಣೇ, ಮೈ ಒಸಿ ಬಿಸಿ ಐತೆ," ಎಂದರು ಹೊಂಬಾಳಮ್ಮ.

ಗಂಡನ ಹತ್ತಿರ ಶಿವರಾಜುವನ್ನು ಬಿಟ್ಟು ಅನಿತಾ ಸಿಕ್ಕ ಬಸ್ಸು ಹತ್ತಿದಳು. ಎರಡು ಕಡೆಯೂ ತೆಂಗಿನ ತೋಟ, ಎಲ್ಲೆಲ್ಲೂ ನಿಂತ ಮಳೆನೀರು. ಆ ನೀರು ನೋಡಲಾರದೆ ಅವಳು ಕಣ್ಣು ಮುಚ್ಚಿಕೊಂಡಳು.

ಮನೆಗೆ ಬಂದಾಗ ಹೊಂಬಾಳಮ್ಮ ಮೊಮ್ಮಗಳ ಬಾಯಿಗೆ ಲೋಟ ಹಿಡಿದಿದ್ದರು. ಅನಿತಾ ಅದನ್ನು ಕಿತ್ತು ಅಂಗಳಕ್ಕೆ ಎಸೆದಳು. ಬಿಂದಿಗೆಯ ನೀರನ್ನೂ ಚೆಲ್ಲಿದಳು.

"ಹುಚ್ಚು ಹಿಡೀತೇನೇ ನಿಂಗೆ?"

"ಈ ನೀರೇ ಅತ್ತೆ, ಈ ನೀರೇ! ನಿಮ್ ಮಗ ಕಂಬಳಿ ಮ್ಯಾಲೆ ಇಲ್ಲದ ಇರುವೆ ಆಯ್ತಾ ಮಲಗವ್ರೆ. ಇವಳನ್ನೂ ಹಂಗೇ ನೋಡ್ಬೇಕಾ?"

ಆ ಹೊತ್ತಿಗೆ ಹೊರಗೆ ನಲ್ಲಿ ಬಂದ ಸದ್ದಾಯಿತು, ಹೆಂಗಸರು ಕೊಡ ಹಿಡಿದು ಸೇರತೊಡಗಿದರು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡ ಅನಿತಾ ಬಾಗಿಲಲ್ಲೇ ನಿಂತು ಕೂಗಿದಳು: "ಹಿಡೀಬ್ಯಾಡ್ರೀ! ಕುದಿಸ್ದೆ ಯಾರೂ ಕುಡೀಬ್ಯಾಡ್ರೀ!" ಯಾರೂ ಸರಿಯಲಿಲ್ಲ. ಆಗ ಹೊಂಬಾಳಮ್ಮ ಎದ್ದು ಹೋಗಿ, ತುಂಬುತ್ತಿದ್ದ ಕೊಡವನ್ನು ಕಾಲಿಂದ ಒದ್ದು, ನಲ್ಲಿಗೆ ಅಡ್ಡ ನಿಂತರು. "ನೀನು ಹೋಗು, ಬಸ್ಸು ತಪ್ಪಿಹೋಗ್ತದೆ," ಎಂದರು ಸೊಸೆಗೆ.

ತಂದೆ, ಮಗಳು ಇಬ್ಬರಿಗೂ ಒಂದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯಿತು. ಕೃತಿಕಾಳ ಜ್ವರ ಬೇಗ ಇಳಿಯಿತು. ದಯಾನಂದನ ಕರುಳು ತೂತಾಗಬಹುದೆಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಅವನು ಹೊಟ್ಟೆ ಮುಟ್ಟಿಕೊಂಡಾಗಲೆಲ್ಲ ಅನಿತಾ ನರ್ಸಿನ ಹತ್ತಿರ ಓಡುತ್ತಿದ್ದಳು. ಒಂದು ಮಧ್ಯಾಹ್ನ ಅವನು ಅವಳ ಹೆಸರು ಹಿಡಿದು ಕರೆದು ಮಜ್ಜಿಗೆ ಕೇಳಿದ. ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಮೊದಲೇ ಒಳಗಿದ್ದ ಇಬ್ಬರಲ್ಲಿ ಒಬ್ಬನಾದ ಮುದುಕ ಲಕ್ಕಯ್ಯ ಮಾತ್ರ ಉಳಿಯಲಿಲ್ಲ. ಅವನನ್ನು ತಡವಾಗಿ ಕರೆತಂದಿದ್ದರು.

ಆಮೇಲೆ ಪಂಚಾಯಿತಿಯವರು ಬಂದು ಪೈಪು ಅಗೆದರು. ಚರಂಡಿಯ ಕಪ್ಪು ಕೆಸರಿನಡಿ ಒಂದು ಜೋಡಣೆ ಬಿರುಕು ಬಿಟ್ಟಿತ್ತು, ಉಗುರು ಹೋಗುವಷ್ಟು. ಲಕ್ಕಯ್ಯನ ಹೆಂಡತಿ ಚಿಕ್ಕಗೌರಮ್ಮ ಬಾಗಿ ಅದನ್ನು ಬಹಳ ಹೊತ್ತು ನೋಡಿದಳು.

"ಇಷ್ಟೇಯಾ?" ಎಂದು ಅನಿತಾಳನ್ನು ಕೇಳಿದಳು.

ಅನಿತಾ ಅವಳ ಕೈ ಹಿಡಿದುಕೊಂಡಳು. ಆ ಕೈ ತಣ್ಣಗಿದೆ, ಜ್ವರವಿಲ್ಲ ಎಂದು ತಿಳಿದಾಗ ಒಂದು ಕ್ಷಣ ಸಮಾಧಾನವಾಯಿತು.