ಉದ್ದ ಕೈಯ ವಯೋಲಾ ಮೇಷ್ಟ್ರು

ನಿಮ್ಮ ಮಗುವಿಗೆ ಪಿಟೀಲು ಬರುವುದಿಲ್ಲ ಎಂದು ಹೆತ್ತವರ ಮುಖಕ್ಕೆ ಹೇಳುವ ಮೇಷ್ಟ್ರು ಇನ್ನೂ ಹುಟ್ಟಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಹೆಗ್ಗಣದ ಕೈಗೆ ಪಿಟೀಲು ಕೊಟ್ಟರೆ ಇನ್ನೂ ಮುದ್ದು. ನಮ್ಮ ಮೇಷ್ಟ್ರು ಇದಕ್ಕೆ ಹಾವೂ ಸಾಯದ, ಕೋಲೂ ಮುರಿಯದ ಒಂದು ಉಪಾಯ ಇಟ್ಟುಕೊಂಡಿದ್ದರು. ಎರಡು ವರ್ಷ ಕಲಿತರೂ ಸ್ವರ ನಿಲ್ಲದ ಮಗುವಿನ ಎಡಗೈ ಹಿಡಿದು, ಭುಜದಿಂದ ಚಾಚಿಸಿ, "ನೋಡಿ, ಕೈ ಉದ್ದ ಇದೆ. ಪಿಟೀಲು ಚಿಕ್ಕದಾಯ್ತು. ವಯೋಲಾಕ್ಕೆ ಹಾಕೋಣ" ಎನ್ನುತ್ತಿದ್ದರು.

ವಯೋಲಾ ಎಂದರೆ ಪಿಟೀಲಿನ ಅಣ್ಣ. ಮೈ ಸ್ವಲ್ಪ ದೊಡ್ಡದು, ದನಿ ದಪ್ಪ. ಕಿರುಚುವ ತೆಳು ತಂತಿ ಅದಕ್ಕಿಲ್ಲ, ಬದಲಿಗೆ ಕೆಳಗೊಂದು ದಪ್ಪ ತಂತಿ ಇದೆ. ಪಿಟೀಲುಗಳು ಮೆರೆಯುವಾಗ ನಡುವೆ ಕೂತು ಗುನುಗುವುದು ಅದರ ಪಾಲಿನ ಕೆಲಸ. ಹೆತ್ತವರು ಮಗುವಿನ ಕೈಯನ್ನು ಹೊಸದಾಗಿ ನೋಡಿ, "ಇವನ ತಾತಂದೂ ಹೀಗೇ ಇತ್ತು" ಎಂದು ಹಿಗ್ಗಿ ಮನೆಗೆ ಹೋಗುತ್ತಿದ್ದರು.

ಮೇಷ್ಟ್ರು ಸ್ವತಃ ವಯೋಲಾದವರು. ಹನ್ನೆರಡನೆಯ ವಯಸ್ಸಿನಲ್ಲಿ ಅವರ ಗುರುಗಳು, ಅಪ್ಪಿತಪ್ಪಿಯೂ ನಗದ ಮನುಷ್ಯ, ಇವರ ಕೈ ಹಿಡಿದು, "ನಿನ್ನ ಕೈ ಉದ್ದ ಇದೆ ಕಣೋ, ನಿನಗೆ ವಯೋಲಾನೇ ಸರಿ" ಎಂದಿದ್ದರು. ಇಡೀ ತರಗತಿಯಲ್ಲಿ ತನ್ನೊಬ್ಬನನ್ನೇ ಆರಿಸಿದರು ಎಂಬ ಆ ಹೆಮ್ಮೆಯ ಮೇಲೆ ಮೂವತ್ತೆಂಟು ವರ್ಷದ ಬದುಕು ನಿಂತಿತ್ತು. ಅಂಗಿ ಹೊಲಿಸುವಾಗಲೆಲ್ಲ "ತೋಳು ಒಂದೂವರೆ ಇಂಚು ಜಾಸ್ತಿ ಬಿಡಿ, ನನ್ನ ಕೈ ಉದ್ದ" ಎಂದು ಹೇಳಿಯೇ ಹೊಲಿಸುತ್ತಿದ್ದರು. ತೋಳು ಬೆರಳ ಗೆಣ್ಣಿಗೆ ಬರುತ್ತಿತ್ತು. ಈಗಿನವರಿಗೆ ಅಳತೆಯೇ ಗೊತ್ತಿಲ್ಲ ಎಂದು ಬೈದು ಎರಡು ಸುತ್ತು ಮಡಚುತ್ತಿದ್ದರು. ತಾನು ಹೇಳುವುದು ಸುಳ್ಳು, ತನಗೆ ಹೇಳಿದ್ದು ಮಾತ್ರ ನಿಜ ಎಂಬ ಬಗ್ಗೆ ಅವರಿಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ.

ಹೀಗಿರುವಾಗ ಗುಬ್ಬಿಯ ಸರದಿ ಬಂತು. ಹತ್ತು ವರ್ಷದ, ಹೆಸರಿಗೆ ತಕ್ಕಷ್ಟೇ ಗಾತ್ರದ ಹುಡುಗಿ. ಪ್ರತಿ ಮಂಗಳವಾರ ಶಾಲೆ ಬಿಟ್ಟ ಮೇಲೆ ಮೇಷ್ಟ್ರ ಮನೆಯ ಮುಂದಿನ ಕೋಣೆಯಲ್ಲಿ ನಿಂತು, ಒಂದು ಕಾಲು ಕುಣಿಸುತ್ತ, ಪಿಟೀಲಿನಿಂದ ತುಕ್ಕು ಹಿಡಿದ ಬಾಗಿಲಿನ ಸದ್ದು ತೆಗೆಯುತ್ತಿದ್ದಳು. ಮೇಷ್ಟ್ರು ತಮ್ಮ ವಯೋಲಾದಲ್ಲಿ ನುಡಿಸಿ ತೋರಿಸುವಾಗ ಮಾತ್ರ ಆ ಕಾಲು ನಿಲ್ಲುತ್ತಿತ್ತು. ಅವಳ ತಾಯಿ ಟೈಲರಮ್ಮ, ಶಾಲೆಯ ಸಮವಸ್ತ್ರ ಹೊಲಿಯುವವಳು, ಬಾಗಿಲ ಬಳಿಯ ಬೆಂಚಿನಲ್ಲಿ ಕೂತು ಗುಂಡಿ ಹಾಕುತ್ತಿದ್ದಳು. ಆ ಮಂಗಳವಾರ ಮೇಷ್ಟ್ರು ಗುಬ್ಬಿಯ ಕೈ ಚಾಚಿಸಿ ಎಂದಿನ ಮಾತು ಆಡಿದರು.

ಟೈಲರಮ್ಮ ಹಿಗ್ಗಲಿಲ್ಲ. ಕೊರಳಲ್ಲಿದ್ದ ಟೇಪು ತೆಗೆದು ಮಗಳ ಭುಜದಿಂದ ಮಣಿಕಟ್ಟಿನವರೆಗೆ ಹಿಡಿದಳು.

"ಹದಿನೇಳು. ಇವಳ ತರಗತಿ ಮಕ್ಕಳಿಗೆಲ್ಲ ಹದಿನೆಂಟೂವರೆ ಹೊಲಿದಿದ್ದೀನಿ ಮೇಷ್ಟ್ರೇ. ಇವಳದ್ದೇ ಎಲ್ಲರಿಗಿಂತ ಗಿಡ್ಡ."

ಮೇಷ್ಟ್ರಿಗೆ ಅಲ್ಲಿಗೆ ಸುಮ್ಮನಾಗುವ ಬುದ್ಧಿ ಬರಬೇಕಿತ್ತು. "ಅಂಗಿ ಅಳತೆ ಬೇರೆ, ವಾದ್ಯದ ಅಳತೆ ಬೇರೆ. ವಯೋಲಾದ ಕೈ ಅಂದ್ರೆ ಹೇಗಿರುತ್ತೆ ನೋಡ್ಬೇಕಾ? ನನ್ನದು ಅಳೀರಿ" ಎಂದು ಕೈ ಚಾಚಿದರು. ಮಾರಿಗೆ ಹೋಗುವ ಕುರಿಯೂ ಇಷ್ಟು ಠೀವಿಯಿಂದ ಕತ್ತು ಕೊಡುವುದಿಲ್ಲ.

ಟೈಲರಮ್ಮ ಅಳೆದಳು. ಮಡಚಿದ ತೋಳು ಬಿಚ್ಚಿ ಮತ್ತೊಮ್ಮೆ ಅಳೆದಳು. "ನಿಮ್ಮ ಎತ್ತರಕ್ಕೆ ಇಪ್ಪತ್ನಾಲ್ಕು ಬರ್ಬೇಕು. ಇಪ್ಪತ್ತೆರಡೂವರೆ ಇದೆ. ಈ ಅಂಗಿ ಹೊಲಿದವರಿಗೆ ಯಾರೋ ತಪ್ಪು ಹೇಳಿದ್ದಾರೆ."

ಗುಬ್ಬಿ ಕಾಲು ಕುಣಿಸುವುದನ್ನು ನಿಲ್ಲಿಸಿದಳು. "ಹಾಗಾದ್ರೆ ಸರ್, ನಿಮಗೂ ಪಿಟೀಲು ಬರ್ತಿರಲಿಲ್ವಾ?"

ಮಕ್ಕಳಿಗೆ ಎಲ್ಲ ಗೊತ್ತಿರುತ್ತದೆ. ಉದ್ದ ಕೈ ಎಂದರೆ ಏನೆಂದು ಆ ಬೀದಿಯ ಎಲ್ಲ ಮಕ್ಕಳಿಗೂ ಗೊತ್ತಿತ್ತು; ಗೊತ್ತಿಲ್ಲದವರು ದೊಡ್ಡವರು ಮಾತ್ರ. ಮೇಷ್ಟ್ರು ಪಾಠವನ್ನು ಅರ್ಧ ಗಂಟೆ ಮೊದಲೇ ಮುಗಿಸಿದರು.

ತಾಯಿ ಮಗಳು ಹೋದ ಮೇಲೆ ಮೇಷ್ಟ್ರು ಅಟ್ಟದಿಂದ ಹಳೆಯ ಪಿಟೀಲು ಇಳಿಸಿ, ಧೂಳು ಒರೆಸಿ, ಶ್ರುತಿ ಮಾಡಿ, ಹನ್ನೆರಡನೆಯ ವಯಸ್ಸಿನಲ್ಲಿ ನುಡಿಸುತ್ತಿದ್ದ ಪಾಠವನ್ನೇ ಹಿಡಿದರು. ಬೆರಳು ಮೇಲಕ್ಕೆ ಹೋಯಿತು, ಸ್ವರ ಜೊತೆಗೆ ಹೋಗಲಿಲ್ಲ. ಕಮಾನು ನಡುಗಿತು. ಬೇರೆಯವರ ಮಗುವಾಗಿದ್ದರೆ ಎರಡನೆಯ ಸಾಲಿಗೇ ಕೈ ಹಿಡಿದು ಚಾಚಿಸುತ್ತಿದ್ದರು. ಗುರುಗಳ ಕಿವಿ ಸರಿಯಾಗಿಯೇ ಇತ್ತು. ಮೇಷ್ಟ್ರಿಗೆ ಅಳು ಬಂತು, ಅತ್ತರು.

ಹೆಂಡತಿ ಒಳಗಿನಿಂದ ಬಂದು ಟೇಪಿನ ಕತೆಯನ್ನೆಲ್ಲ ಕೇಳಿದಳು. "ನಿನಗೆ ಗೊತ್ತಿತ್ತಾ?" ಎಂದು ಅವರು ಕೇಳಿದರು.

"ಇಪ್ಪತ್ತೆರಡು ವರ್ಷದಿಂದ ನಿಮ್ಮ ಅಂಗಿ ಇಸ್ತ್ರಿ ಮಾಡ್ತಿದ್ದೀನಿ. ಗೊತ್ತಿಲ್ದೆ ಏನು?"

"ಹೇಳ್ಬಾರದಾಗಿತ್ತಾ?"

"ಹೇಳಿದ್ರೆ ನುಡಿಸೋದು ಬಿಡ್ತಿದ್ರಿ. ಆ ದಪ್ಪ ತಂತಿ ಕೇಳಿಸ್ಕೊಂಡೇ ನಾನು ನಿಮ್ಮನ್ನ ಒಪ್ಪಿದ್ದು. ಕೈ ನೋಡಿ ಅಲ್ಲ." ಅಷ್ಟು ಹೇಳಿ ಅವಳು ಒಲೆಯ ಮೇಲಿಟ್ಟಿದ್ದು ನೋಡಲು ಹೋದಳು.

ಮೇಷ್ಟ್ರು ಪಿಟೀಲನ್ನು ಪೆಟ್ಟಿಗೆಗೆ ಹಾಕಿದರು. ಆಮೇಲೆ ವಯೋಲಾ ತೆಗೆದು ಅದೇ ಪಾಠವನ್ನು ಕೆಳಗಿನ ತಂತಿಯಲ್ಲಿ ನುಡಿಸಿದರು. ಗಿಡ್ಡ ಕೈಯೇ, ಆದರೂ ಪ್ರತಿ ಸ್ವರವೂ ಕೂರಬೇಕಾದಲ್ಲಿ ಕೂತಿತು.

ಮುಂದಿನ ಮಂಗಳವಾರ ಅವರು ಯಾರ ಕೈಯನ್ನೂ ಹಿಡಿಯಲಿಲ್ಲ. ಟೈಲರಮ್ಮನ ಎದುರು ಕುರ್ಚಿ ಎಳೆದು ಕೂತು, "ನಿಮ್ಮ ಮಗಳಿಗೆ ಪಿಟೀಲು ಬರ್ತಿಲ್ಲಮ್ಮ. ನನಗೂ ಬಂದಿರಲಿಲ್ಲ. ಆದ್ರೆ ನಾನು ದಪ್ಪ ತಂತಿ ಎಳೆದಾಗ ಇವಳು ಕಾಲು ಕುಣಿಸೋದು ನಿಲ್ಲಿಸ್ತಾಳೆ. ಅದು ಸುಳ್ಳಲ್ಲ" ಎಂದರು. ಮೂವತ್ತು ವರ್ಷದ ಪಾಠದಲ್ಲಿ ಆ ಮಾತು ಇದೇ ಮೊದಲು. ಈಕೆ ಮಗಳನ್ನು ಕರೆದುಕೊಂಡು ಹೊರಟೇಬಿಡುತ್ತಾಳೆ ಎಂದು ಕಾದರು.

ಟೈಲರಮ್ಮ ಬಾಯಲ್ಲಿದ್ದ ದಾರ ಕಡಿದಳು. "ಇಷ್ಟು ಹೇಳೋಕೆ ಅವಳ ಕೈ ಯಾಕೆ ಎಳೀಬೇಕಿತ್ತು? ನಾನೂ ಮೊದಲು ರವಿಕೆ ಹೊಲೀತಿದ್ದೆ, ಬರ್ಲಿಲ್ಲ. ಸಮವಸ್ತ್ರಕ್ಕೆ ಬಂದೆ. ಕೊಡಿ ಅವಳಿಗೆ, ನೋಡೋಣ."

ಮಕ್ಕಳ ಚಿಕ್ಕ ವಯೋಲಾವನ್ನು ಗುಬ್ಬಿಯ ಭುಜಕ್ಕೆ ಇಟ್ಟರು. ಅವಳು ದಪ್ಪ ತಂತಿಯ ಮೇಲೆ ಕಮಾನು ಎಳೆದಳು. ಸ್ವರ ಸರಿಯಾಗಿತ್ತು ಎಂದರೆ ಸುಳ್ಳಾಗುತ್ತದೆ, ಆದರೆ ಬಾಗಿಲಿನ ಸದ್ದಂತೂ ಆಗಿರಲಿಲ್ಲ. ಯಾರೂ ಹೇಳದೆಯೇ ಅವಳು ಇನ್ನೊಮ್ಮೆ ಎಳೆದಳು.

ಹೊರಡುವಾಗ ಟೈಲರಮ್ಮ ಮೇಷ್ಟ್ರ ನಾಲ್ಕು ಅಂಗಿಗಳನ್ನು ಕೇಳಿ ಚೀಲಕ್ಕೆ ಹಾಕಿಕೊಂಡಳು. ವಾರ ಕಳೆದು, ಒಂದೂವರೆ ಇಂಚು ಕತ್ತರಿಸಿ, ಅಂಚು ಹೊಲಿದು ತಂದಳು. ಮೇಷ್ಟ್ರು ಒಂದನ್ನು ತೊಟ್ಟು, ಹಳೆಯ ಅಭ್ಯಾಸಕ್ಕೆ ಮಡಚಲು ಹೋದರು. ಮಡಚಲು ಏನೂ ಇರಲಿಲ್ಲ. ಮಣಿಕಟ್ಟಿನಾಚೆ ಇಡೀ ಅಂಗೈ, ಐದೂ ಬೆರಳು ಹೊರಗೆ ಬಂದಿದ್ದವು. ಅವರು ವಯೋಲಾ ಎತ್ತಿ ಭುಜಕ್ಕಿಟ್ಟು ಎಡಗೈ ಚಾಚಿದರು.

ಗುಬ್ಬಿ ಅವರನ್ನೇ ನೋಡುತ್ತಿದ್ದಳು.

"ಸರ್, ಈಗ ನಿಮ್ಮ ಕೈ ಉದ್ದ ಕಾಣ್ಸುತ್ತೆ."